ಎಡಗಡೆ ಸೀಟಿನ ಭಾರ

ಶಿಬುಕಾವಾ
ಆಗಸ್ಟ್ ೧೮, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಈಗ ಹೇಗಿದೆ? ಅಓಮೊರಿಯಲ್ಲಿ ಇಷ್ಟು ಸೆಕೆ ಇರಲಿಕ್ಕಿಲ್ಲ. ದೊಡ್ಡಮ್ಮನ ತೋಟದಲ್ಲಿ ನೀನು ಏಣಿ ಹತ್ತುತ್ತಿಲ್ಲ ಎಂದು ನಂಬಿದ್ದೇನೆ (ನಂಬಿಲ್ಲ, ಸುಮ್ಮನೆ ಬರೆದೆ). ಅವರು ಕಳಿಸಿದ ಮೂಲಂಗಿ ಉಪ್ಪಿನಕಾಯಿ ಬಂತು, ನಾನೊಬ್ಬಳೇ ಮುಗಿಸಿದೆ. ಅಪ್ಪ ಚೆನ್ನಾಗಿದ್ದಾರೆಂದು ಬರೆಯಲು ಹೇಳಿದ್ದಾರೆ, ಬರೆದಿದ್ದೇನೆ. "ಬಾ ಅಂತ ಮಾತ್ರ ಬರೀಬೇಡ, ಅವಳಿಗೆ ಯಾವಾಗ ಅನ್ಸುತ್ತೋ ಆಗ ಬರ್ತಾಳೆ" ಎಂದೂ ಹೇಳಿದ್ದಾರೆ. ಆ ಮಾತು ನಾನು ಕೇಳುವುದಿಲ್ಲ. ನನಗೆ ನೀನು ಮನೆಗೆ ಬರಬೇಕು, ಈ ಪತ್ರ ಅದಕ್ಕೇ.

ನೀವಿಬ್ಬರೂ ಜಗಳವಾಡಿದ ಆ ನಾಲ್ಕು ಅಗಲದ ಚಕ್ರಗಳನ್ನು ಅಪ್ಪ ಕೊನೆಗೂ ಅಣ್ಣನ ಕಾರಿಗೆ ಹಾಕಿಸಿಬಿಟ್ಟರು. ಅವನು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಆರ್ಡರ್ ಮಾಡಿದ್ದವು, ಅವನ ಬೂದಿ ಮನೆಗೆ ಬಂದ ವಾರವೇ ಬಾಗಿಲಿಗೆ ಬಂದು ಇಳಿದವಲ್ಲ, ಅವೇ. ನೀನು ವಾಪಸ್ ಕಳಿಸಿ ಎಂದೆ, ಅಪ್ಪ ಸಾಧ್ಯವಿಲ್ಲ ಎಂದರು, ನೀನು ಬ್ಯಾಗು ತುಂಬಿಕೊಂಡು ದೊಡ್ಡಮ್ಮನ ಮನೆಗೆ ಹೊರಟೆ. ಇಷ್ಟು ದಿನ ಅವು ಅಂಗಡಿಯಲ್ಲಿ ತಾತಾಮಿ ಚಾಪೆಗಳ ಹಿಂದೆ ಒರಗಿಕೊಂಡಿದ್ದವು. ಕಳೆದ ತಿಂಗಳು ಇದ್ದಕ್ಕಿದ್ದಂತೆ ಅಪ್ಪ, "ಓಬೋನ್‌ಗೆ ಸತ್ತವರೆಲ್ಲ ಮನೆಗೆ ಬರ್ತಾರೆ, ನಮ್ಮ ಹುಡುಗನೂ ಬರ್ತಾನೆ, ಅಷ್ಟರೊಳಗೆ ಆಗ್ಬೇಕು" ಎಂದು ಕುಗಾನಿಗೆ ಹೇಳಿಕಳಿಸಿದರು. ಅಣ್ಣನ ಗೆಳೆಯ ಕುಗಾ ಈಗ ಸ್ವಂತ ಟೈರಿನ ಅಂಗಡಿ ಇಟ್ಟಿದ್ದಾನೆ. ಇಬ್ಬರದೂ ಒಂದೇ ಮೈಕಟ್ಟು, ಒಂದೇ ಅಳತೆಯ ಅಂಗಿ. ಹಿಂದಿನಿಂದ ನೋಡಿ ನೀನು ಎಷ್ಟು ಸಲ ಅವನನ್ನು ಅಣ್ಣನೆಂದುಕೊಂಡು ಬೈದಿಲ್ಲ?

ಆ ಕಾರು ಮೊದಲೇ ನೆಲಕ್ಕೆ ಕೂತಿದೆ. ಅಣ್ಣ ಸ್ಪ್ರಿಂಗ್ ಬದಲಿಸಿ ಅದನ್ನು ತಗ್ಗಿಸಿದ ಮೇಲೆ ಅದರಿಂದ ಎದ್ದು ಬರುವಾಗಲೆಲ್ಲ ನೀನು ಅವನಿಗೆ ಶಾಪ ಹಾಕುತ್ತಿದ್ದೆ. ಅಂಥ ಕಾರಿಗೆ ಅಗಲದ ಚಕ್ರ ಹಾಕಿದರೆ ಟೈರು ಮಡ್‌ಗಾರ್ಡಿನ ಒಳಅಂಚಿಗೆ ತಾಗುತ್ತದಂತೆ. ಎಲ್ಲ ಸೀಟಿನಲ್ಲೂ ಜನರನ್ನು ಕೂರಿಸಿ ಸಂದು ನೋಡಬೇಕು, ತಾಗುವಂತಿದ್ದರೆ ಅಂಚನ್ನು ಕಾಯಿಸಿ ಒಳಕ್ಕೆ ಮಡಿಸಬೇಕು ಎಂದು ಕುಗಾ ಹೇಳಿದ. ಜೀವನವಿಡೀ ಚಾಪೆ ಅಳೆದ ಅಪ್ಪ ಇನ್ನೊಬ್ಬರ ಅಳತೆ ಕೇಳುತ್ತಾರೆಯೇ? ತಾವು ಸ್ಟೀರಿಂಗ್ ಹಿಡಿದು ಕೂತರು, ನನ್ನನ್ನು ತಮ್ಮ ಬೆನ್ನ ಹಿಂದೆ ತುರುಕಿದರು. ಎಡಗಡೆ ಮುಂದಿನ ಸೀಟಿನಲ್ಲಿ ಮಾತ್ರ ಯಾರೂ ಕೂರುವಂತಿಲ್ಲ. ಆಸ್ಪತ್ರೆಗೆ ಓಡಾಡುವಾಗ ಅಣ್ಣ ಅಲ್ಲಿ ಕೂತು ಅಪ್ಪನಿಗೆ ಗೇರು ಬದಲಿಸುವುದನ್ನು ಹೇಳಿಕೊಡುತ್ತಿದ್ದನಲ್ಲ. "ಖಾಲಿ ಸೀಟಿಟ್ಕೊಂಡು ಅಳೆದ್ರೆ ಅದು ಅಳತೆನಾ ಯಜಮಾನ್ರೇ?" ಎಂದು ಕುಗಾ ಗೊಣಗಿದ. ಎಡ ಹಿಂಚಕ್ರದ ಮೇಲೆ ಒಂದು ಬೆರಳು ತೂರುವಷ್ಟು ಸಂದು ಉಳಿಯಿತು. ರೈಲ್ವೆ ಗೇಟಿನ ದಿಣ್ಣೆ ದಾಟಿಸಿ ನೋಡಿದೆವು, ಸದ್ದಿಲ್ಲ. ಅಪ್ಪ ದಿನವಿಡೀ ಬೀಗಿದ್ದೇ ಬೀಗಿದ್ದು.

ಹದಿಮೂರರ ಸಂಜೆ ಅಣ್ಣನನ್ನು ಕರೆತರಲು ಸಮಾಧಿಗೆ ಹೋದೆವು. ಅವನ ಮೊದಲನೇ ಓಬೋನ್, ನೀನಿರಲಿಲ್ಲ. ಬೈಯುತ್ತಿಲ್ಲ, ಹೇಳುತ್ತಿದ್ದೇನೆ. ಪದ್ಧತಿಯಂತೆ ನಾನು ಸೌತೆಕಾಯಿಗೆ ಕಡ್ಡಿಯ ಕಾಲು ಚುಚ್ಚಿ ಅವನು ಬರಲು ಕುದುರೆ ಮಾಡಲು ಹೊರಟರೆ ಅಪ್ಪ, "ಅವನೇನು ಕುದುರೆ ಮೇಲೆ ಬರೋ ಪೈಕಿನಾ? ಕಾರಿದೆಯಲ್ಲ" ಎಂದರು. ಸಮಾಧಿಯ ಮುಂದೆ ದೀಪ ಹಚ್ಚಿ, ಅಜ್ಜಿ ಮಾಡುತ್ತಿದ್ದ ಹಾಗೇ ಬೆನ್ನು ಬಾಗಿಸಿ, ಎರಡೂ ಕೈ ಹಿಂದೆ ಕಟ್ಟಿ ಅವನನ್ನು ಹೊತ್ತುಕೊಂಡರು. ಕಾರಿನವರೆಗೂ ಹಾಗೆಯೇ ನಡೆದು ಬಂದು, ಎಡಗಡೆ ಬಾಗಿಲು ತೆಗೆಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಇಳಿದರು. "ಮೆಲ್ಲಗೆ ಮಗಾ, ತಲೆ ಜೋಪಾನ" ಎಂದು ಬೆಲ್ಟ್ ಬಿಗಿದರು. ನಾನು ಹಿಂದೆ ದೀಪ ಹಿಡಿದು ಕೂತಿದ್ದೆ, ನನಗೆ ನಗುವೂ ಅಳುವೂ ಒಟ್ಟಿಗೇ ಬರುತ್ತಿತ್ತು. ಗೇಟಿನ ದಿಣ್ಣೆ ಹತ್ತಿ ಇಳಿದಾಗ ಎಡ ಹಿಂಚಕ್ರ ಜರ್ರನೆ ಉಜ್ಜಿತು. ಅದೇ ದಿಣ್ಣೆ, ಅದೇ ವೇಗ, ಅದೇ ಇಬ್ಬರು ಜನ. ನಾನು ಕಿಟಕಿಯಿಂದ ಬಗ್ಗಿ ಚಕ್ರ ನೋಡಿದೆ ಅಮ್ಮಾ. ಅಪ್ಪ ಮಾತ್ರ ಎಡಕ್ಕೆ ತಿರುಗಿ, "ಬಂದ್ಯಾ?" ಎಂದರು.

ಒಂದು ಸಲದ ಭ್ರಮೆ ಎಂದುಕೊಳ್ಳಬೇಡ. ಹದಿನಾರರಂದು ಅವನನ್ನು ಕಳಿಸಿಕೊಡಲು ಹೋಗುವಾಗಲೂ ದಿಣ್ಣೆಯ ಮೇಲೆ ಅದೇ ಸದ್ದು. ಸಮಾಧಿಯ ಮುಂದೆ ಇಳಿಸಿ ತಿರುಗಿ ಬರುವಾಗ ಇಲ್ಲ. ಅಪ್ಪ ಗೇಟು ದಾಟಿ ಕಾರು ನಿಲ್ಲಿಸಿ ಸ್ಟೀರಿಂಗ್ ಹಿಡಿದುಕೊಂಡೇ ಕೂತರು. "ಇನ್ನೊಂದ್ಸಲ ಹೋಗಿ ಕರ್ಕೊಂಡ್ ಬರೋಣ್ವಾ?" ಎಂದು ಕೇಳಿದರು. "ಬೇಡಪ್ಪಾ, ಕಳಿಸಿದ್ಮೇಲೆ ಕರೆಯೋ ಹಾಗಿಲ್ಲ" ಎಂದೆ. ಆ ಮಾತನ್ನು ನೀನು ಹೇಳಬೇಕಿತ್ತು, ನಾನಲ್ಲ.

ನಿನ್ನೆ ಕುಗಾ ಬಂದಾಗ ಅಪ್ಪನೇ ಎಡಗಡೆ ಬಾಗಿಲು ತೆಗೆದು, "ಕೂತ್ಕೋ, ಈಗ ಖಾಲಿ ಇದೆ" ಎಂದರು. ನಾನು ಓಡಿಸಿದೆ, ಅಪ್ಪ ಗೇಟಿನ ಪಕ್ಕ ನಿಂತು ಕಿವಿಗೊಟ್ಟರು. ಕುಗಾ ಕೂತಾಗ ಜರ್ರೆಂದಿತು, ಅಷ್ಟೇ ಸದ್ದು, ಅದೇ ಜಾಗದಲ್ಲಿ. ಅಮ್ಮಾ, ಯೋಚಿಸು. ಆಸ್ಪತ್ರೆಯಲ್ಲಿ ಕೊನೆಗೆ ಅಣ್ಣನನ್ನು ನೀನೊಬ್ಬಳೇ ಎತ್ತಿ ಮಗ್ಗುಲು ಬದಲಿಸುತ್ತಿದ್ದೆ. ಹದಿಮೂರರಂದು ಬಂದವನು ಆ ಸೊರಗಿದ ಅಣ್ಣನಲ್ಲ. ಕುಗಾನ ಸಮಕ್ಕೆ ಮೈ ತುಂಬಿಕೊಂಡು ಬಂದಿದ್ದ. ನಿನಗೆ ಇದನ್ನು ತಿಳಿಸದೆ ನನಗೆ ತಡೆಯಲಾಗಲಿಲ್ಲ. ಅಂಚು ಮಡಿಸಿಬಿಡಲೇ ಎಂದು ಕುಗಾ ಕೇಳಿದ್ದಕ್ಕೆ ಅಪ್ಪ, "ಇರ್ಲಿ ಬಿಡೋ, ಮುಂದಿನ ವರ್ಷ ಅವನು ಬಂದಾಗ ಗೊತ್ತಾಗ್ಬೇಕಲ್ಲ" ಎಂದರು.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು. ರಾತ್ರಿ ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊಂಡೇ ಮಲಗು. ನಿನ್ನ ಚಪ್ಪಲಿಗಳನ್ನು ಬಾಗಿಲ ಬಳಿಯೇ ಒರೆಸಿ ಇಟ್ಟಿದ್ದೇನೆ.

ನಿನ್ನ ಮಗಳು,
ಚಿಹಾರು

ವಿ.ಸೂ.: ಇದನ್ನು ಅಂಚೆ ಕಚೇರಿಯ ಮುಂದೆ ನಿಂತು ಲಕೋಟೆಯ ಬೆನ್ನಿಗೆ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಅಪ್ಪ ತಾವೂ ಬರುತ್ತೇನೆಂದರು, ತಲೆ ಸುತ್ತುತ್ತದೆ ನೀನೇ ಓಡಿಸು ಎಂದು ಮೊದಲ ಸಲ ಎಡಗಡೆ ಸೀಟಿನಲ್ಲಿ ಕೂತರು. ದಿಣ್ಣೆ ದಾಟಿದೆ, ಸದ್ದಾಗಲಿಲ್ಲ. ತಿರುಗಿಸಿಕೊಂಡು ಬಂದು ಮತ್ತೆ ದಾಟಿದೆ, ಆಗಲೂ ಇಲ್ಲ. ನೀನು ಹೊರಟಾಗ ಅವರು ಕುಗಾನಿಗಿಂತ ಎಷ್ಟು ದಪ್ಪಗಿದ್ದರು. ಈ ಸೆಕೆಯಲ್ಲೂ ಕೋಟು ಬಿಚ್ಚದೆ ಓಡಾಡುತ್ತಿರುವುದು ಯಾಕೆಂದು ನಾನು ಕೇಳಲೇ ಇಲ್ಲ. "ನೋಡ್ದ್ಯಾ, ನನ್ನ ಅಳತೆ ಸರಿಯಾಗೇ ಇತ್ತು" ಎಂದು ಈಗ ಕಾರಿನೊಳಗೆ ನಗುತ್ತಾ ಕೂತಿದ್ದಾರೆ. ಅಮ್ಮಾ, ಈ ಪತ್ರ ಕೈಗೆ ಸಿಕ್ಕ ದಿನವೇ ಹೊರಡು.