ಹಿಡಿದದ್ದು ಎಷ್ಟು

೧೧-೬-೨೦೦೨, ಮಂಗಳವಾರ

ಸಂಗೊಳ್ಳಿ ಬಸ್ಸು ಇವತ್ತೂ ತಡ. ತಹಶೀಲ್ದಾರ ಕಚೇರಿ ಬಾಗಿಲಿಗೆ ಕಾವಲು ನಿಲ್ಲೂದರೊಳಗ ಹೊಲದ ಪಹಣಿ ಉತಾರ ತೆಗೆಸುವವರ ಪಾಳಿ ರಸ್ತೆತನಕ. ಕಂಪ್ಯೂಟರ್ ಖೋಲಿಗೆ ಧೂಳು ಹೊಕ್ಕರೆ ಮಶಿನ್ ಕೆಡುತ್ತದಂತೆ — ಚಪ್ಪಲಿ ಹೊರಗೆ ಬಿಡಿರಿ ಅಂತ ಬೋರ್ಡು. ಬಿಟ್ಟ ಚಪ್ಪಲಿ ಮತ್ತ ಸಿಗೂದಿಲ್ಲ. ಅದಕ್ಕ ಜನ ಕೈಯಾಗ ಹಿಡಕೊಂಡೇ ನಿಲ್ಲತಾರೆ. ನೋಡಿಯೂ ಸುಮ್ಮನಿರುತ್ತೇನೆ. ನನ್ನ ಹೆಂಡತಿ ರಾಚವ್ವ ಇದ್ದಿದ್ದರೆ, ಗುಡಿಗಿಂತ ಈ ಖೋಲಿದೇ ಮಡಿ ಜಾಸ್ತಿ ಆತಲ್ರಿ ಅಂತಿದ್ದಳು. ಹೋಗಿ ಮೂರು ವರ್ಷ. ಇನ್ನೂ ಅವಳ ಮಾತು...

ಹೊಸ ತಹಶೀಲ್ದಾರ ಸಾಹೇಬರು ಕರೆಸಿದ್ದರು. "ವೀರಪ್ಪ, ಲಾಠಿ ಏನು ಪೂಜಾಕ್ಕ ಇಟ್ಟೀಯೇನು?" ನಕ್ಕೆ. ಸೆಕ್ಯುರಿಟಿ ಟ್ರೇನಿಂಗಿನಾಗ ರಿಟೈರ್ಡ್ ಫೌಜದಾರರು ಹೇಳಿದ್ದು ಅವರಿಗೆ ಹೇಳಲಿಲ್ಲ — "ನೀವು ಪೊಲೀಸರಲ್ಲ. ತಡೀರಿ, ಹಿಡೀರಿ, ನಮಗ ಒಪ್ಪಸ್ರಿ. ಸುಮ್ಮನಾದವನ ಮ್ಯಾಲೆ ಕೈ ಮಾಡಿದ್ರ ಗುನ್ಹೆ ನಿಮ್ಮದು." ರೀಜನೆಬಲ್ ಫೋರ್ಸ್, ಅಂದ್ರ ತಕ್ಕಷ್ಟೇ ಬಲ. ಧಾರವಾಡದಾಗ ಬಿ.ಎ. ಎರಡನೇ ವರ್ಷಕ್ಕ ಬಿಟ್ಟವನು ನಾನು, ಆ ಶಬ್ದ ಮಾತ್ರ ನೆನಪೈತಿ. ಎಷ್ಟಕ್ಕ ರೀಜನೆಬಲ್, ಅದು ನೆನಪಿಲ್ಲ.

೧೩-೬, ಮಧ್ಯಾಹ್ನ ೩



ಮನೋಳಿಯ ಲಗಮಪ್ಪ, ಎಪ್ಪತ್ತರ ಮುದುಕ, ನಾಲ್ಕನೇ ಸಲ ಬಂದಿದ್ದ. ಉತಾರದಾಗ ಹೆಸರು ತಪ್ಪೇತಿ ಅಂತ. ಸಾಹೇಬರು ಹೊರಗೆ ಬಂದಕೂಡಲೇ ಅಡ್ಡ ಹೋಗಿ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ — ಕೈಯಾಗ ಚಪ್ಪಲಿ.

"ನನಗ ಚಪ್ಪಲಿ ತೋರಸ್ತಾನ. ಹಿಡಿ ಅವನ್ನ."

ಹಿಡಿದೆ. ತೋಳು ಹಿಂದಕ್ಕ ತಿರುವಿದೆ. "ಯಪ್ಪಾ, ಕೈ ಮುಗದೇನಿ, ಅಷ್ಟ" ಅಂದ. ಮೆಟ್ಟಿಲ ಮೇಲಿಂದ ಬಿದ್ದ. ಕಿವಿಯಾಗ ರಕ್ತ.

೧೪-೬

ಮುದುಕನಿಗೆ ಎಚ್ಚರಿಲ್ಲ. ಬೆಳಗಾವಿಗೆ ಒಯ್ದಾರ. ಸಾಹೇಬರು ರಿಪೋರ್ಟ್ ಟೈಪ್ ಮಾಡಿಸಿ ಇಟ್ಟಿದ್ದರು — ಚಪ್ಪಲಿಯಿಂದ ಹೊಡೆಯಲು ಬಂದ, ತಡೆಯುವಾಗ ತಾನೇ ಜಾರಿ ಬಿದ್ದ.

"ಸಹಿ ಹಾಕು. ನೀನೂ ಪಾರು, ನಾನೂ ಪಾರು."

"ಚಷ್ಮಾ ಮನ್ಯಾಗ ಉಳದೇತ್ರಿ."

ಚಷ್ಮಾ ಕಿಸೆಯಾಗ ಇತ್ತು.

೧೮-೬

ಮೂರು ದಿನ ಬರೆಯಲಿಲ್ಲ. ಪಾಳಿಯವರು ಈಗ ಚಪ್ಪಲಿ ಹೊರಗೇ ಬಿಡುತ್ತಾರೆ. ನನ್ನ ಕಂಡರೆ ಮಾತು ನಿಲ್ಲಸ್ತಾರ. ಮುದುಕನ ಮಗಳು ಶಟ್ಟೆವ್ವ ಬಂದು ಬಾಗಿಲಾಗ ಕುಂತಳು.

"ಕಾಕಾ, ನಮ್ಮಪ್ಪ ಸಾಹೇಬಗ ಹೊಡ್ಯಾಕ ಹೋಗಿದ್ನಂತ. ಖರೇನ್ರಿ?"

"ನನಗ ಸರಿ ಕಾಣಲಿಲ್ಲವ್ವಾ."

"ಕಾಣಲಾರದ ಅಷ್ಟು ಗಟ್ಟಿ ಹಿಡದ್ರ್ಯಾ? ತೋಳಿನ ಮ್ಯಾಲೆ ನಿಮ್ಮ ಐದೂ ಬಟ್ಟು ಮೂಡ್ಯಾವು."

ಅಳಲಿಲ್ಲ. ಕಚೇರಿ ಮುಚ್ಚೂತನಕ ನನ್ನ ಕೈ ನೋಡಕೋತ ಕುಂತಿದ್ದಳು.

೨೦-೬, ಗುರುವಾರ, ಬೆಳಿಗ್ಗೆ ೮

ಲಗಮಪ್ಪ ನಸುಕಿನ್ಯಾಗ ಹೋದನಂತೆ.

ಸುದ್ದಿ ತಂದವನು ಸಾಹೇಬರ ಪ್ಯೂನ್ ಭೀಮಶಿ. ರಿಪೋರ್ಟೂ ತಂದಾನ. "ಕಾಕಾ, ಹತ್ತಕ್ಕ ಪೊಲೀಸರು ಬರತಾರ. ಅಷ್ಟರಾಗ ಸಹಿ ಬೇಕಂತ. ಇಲ್ಲಾಂದ್ರ ಎಲ್ಲಾ ನಿಮ್ಮ ಕೊರಳಿಗೆ." ಅವನ್ನ ಮನಿ ಕಟ್ಟಿ ಮ್ಯಾಲೆ ಕುಂದರಿಸಿ ಒಳಗ ಬಂದೇನಿ. ಪೊಲೀಸರಿಗೆ ನನ್ನದು ನಾನೇ ಬರೆದು ಕೊಡಬೇಕು. ಇಲ್ಲಿ ಮೊದಲು ಬರೆದು ನೋಡತೇನಿ —

ಮುದುಕ ಹೊಡೆಯಲು ಬರಲಿಲ್ಲ. ಹಿಡಿ ಅಂದರು, ಹಿಡಿದೆ. ಚಪ್ಪಲಿ ಎರಡೂ ಕೆಳಗ ಬಿದ್ದವು. ಅವನು ಕೊಸರಾಡಲಿಲ್ಲ, ಸುಮ್ಮನೆ ನಿಂತ. ಬಿಡಬಹುದಿತ್ತು. ಸಾಹೇಬರು ನೋಡಾಕತ್ತಿದ್ದರು. ಜಾರಿ ಬೀಳಲಿಲ್ಲ...

ಭೀಮಶಿ ಬಾಗಿಲು ಬಡಿಯಾಕತ್ತಾನ.

ಜಾರಿ ಬೀಳಲಿಲ್ಲ. ನಾನೇ ಅವನನ್ನ