ಕರೆಂಟ್ ಹರಿಯದ ತಂತಿ

ಅಪ್ಪನಿಗೆ ನಮಸ್ಕಾರ.

ಹೋದ ತಿಂಗಳು ನಾನು ಫೋನಿನಲ್ಲಿ ಕುಣಿದಾಡುತ್ತಾ 'ಕರೆಂಟ್ ಹರಿಯಿತು' ಎಂದು ಹೇಳಿದ್ದು ಸುಳ್ಳಾಯಿತು. ಆರು ವರ್ಷ ಇಂಗಾಲದ ಉಂಗುರಗಳನ್ನು ಒಂದೊಂದಾಗಿ ಜೋಡಿಸಿ ಕಟ್ಟಿದ ಅಣುವಿನ ತಂತಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಜೋಡಣೆಗೆ ಬಳಸಿದ ಲೋಹ ಚೂರುಪಾರು ಒಳಗೇ ಉಳಿದಿತ್ತು, ಮೊದಲ ಸಲ ಕರೆಂಟ್ ಹರಿದದ್ದು ಅದರಲ್ಲಿ. ಅನುಮಾನ ಬಂದು ನಾಲ್ಕು ಸಲ ಶುದ್ಧಮಾಡಿ ಅಳೆದೆ. ಪರದೆಯ ಮೇಲಿನ ಗೆರೆ ಏಳಲೇ ಇಲ್ಲ.

ನಮ್ಮ ಪಿಎಚ್‌ಡಿ ಗೈಡ್‌ಗೆ ತೋರಿಸಿದೆ. "ಮೊದಲನೇ ಅಳತೆ ಇದೆಯಲ್ಲಮ್ಮ, ಲೇಖನದಲ್ಲಿ ಅದೇ ಇರಲಿ. ಆಮೇಲಿಂದನ್ನ ಯಾರು ಕೇಳ್ತಾರೆ?" ಅಂದರು.

"ನಮ್ಮಪ್ಪ ನಲವತ್ತು ವರ್ಷ ವೈರಿಂಗ್ ಮಾಡಿದೋರು ಸರ್. ಟೆಸ್ಟರ್ ಇಟ್ಟು ನೋಡದೆ ಒಂದು ಸ್ವಿಚ್ಚೂ ಬಿಟ್ಟುಬಂದಿಲ್ಲ" ಅಂದೆ.

ವಿಜ್ಞಾನ ಪತ್ರಿಕೆಗೆ ಆಗಲೇ ಕಳಿಸಿದ್ದ ಆ ಲೇಖನವನ್ನು ನಾನೇ ಹಿಂದಕ್ಕೆ ಪಡೆದೆ. ಮರುದಿನವೇ ಗೈಡ್ ಲ್ಯಾಬಿನ ನನ್ನ ಮೇಜನ್ನು ಬೇರೆಯವರಿಗೆ ಕೊಟ್ಟರು. ನನ್ನ ತಂತಿಯನ್ನು ನಂಬಿ ಎರಡು ವರ್ಷ ದುಡಿದ ಪಕ್ಕದ ಮೇಜಿನ ಹುಡುಗಿ ಮಾತು ಬಿಟ್ಟಿದ್ದಾಳೆ. ಅವಳದೇನೂ ತಪ್ಪಿಲ್ಲ. ಬೇರೆ ಕಡೆ ವಿಚಾರಿಸಿದೆ. ಎಲ್ಲರಿಗೂ ಗೈಡ್ ಅವರ ಶಿಫಾರಸು ಬೇಕು, ಅದನ್ನು ಅವರು ಕೊಡುವುದಿಲ್ಲ. ಇನ್ನು ಪದವಿಯ ಆಸೆ ಇಲ್ಲ.

ಗಾಜಿನ ಸಾಮಾನು ತೊಳೆದು ಒಪ್ಪಿಸುವುದೊಂದೇ ಬಾಕಿ. ಶನಿವಾರ ಬರುತ್ತೇನೆ. ಪದವಿ ಸಮಾರಂಭಕ್ಕೆಂದು ನೀವು ಹೊಲಿಸಿಕೊಂಡ ಕೋಟನ್ನು ಬೀರುವಿನ ಒಳಗಿಡಿ, ಕಣ್ಣೆದುರು ನೇತುಹಾಕಬೇಡಿ. ಅಮ್ಮನಿಗೆ ಸದ್ಯಕ್ಕೆ ರಜೆಯೆಂದು ಹೇಳಿ. ಮತ್ತೆ, ನಾನು ಮಾಡಿದ್ದು ಸರಿ ಎಂದು ದಯವಿಟ್ಟು ಸಮಾಧಾನ ಹೇಳಬೇಡಿ ಅಪ್ಪ. ಅದು ಸರಿಯೆಂದು ನನಗೂ ಗೊತ್ತು. ಗೊತ್ತಿದ್ದೂ ನಿದ್ದೆ ಬರುತ್ತಿಲ್ಲ.

ನಿಮ್ಮ
ದೊಡ್ಡ ಮಗಳು