ತಮ್ಮ ಬಿಟ್ಟುಹೋದ ಬೀಗ

ತಮ್ಮಾ, ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಈ ಅಣ್ಣನ ಕೈಗೆ ಪೆನ್ನು ಹಿಡಿಸಿದೆಯಲ್ಲ, ಭಾರೀ ಬುದ್ಧಿವಂತ! ವಿಳಾಸ ಕೊಡದೆ ಹೋದವನಿಗೆ ಈ ಕಾಗದ ಕಳಿಸುವುದಾದರೂ ಎಲ್ಲಿಗೆ?

ಇವತ್ತು ಬೆಳಿಗ್ಗೆ ನಮ್ಮ ಬೇಕರಿಯ ಓವನ್ ನಡೆಸಲು ನೀನು ಕಂಪ್ಯೂಟರಿಗೆ ಬರೆದಿಟ್ಟ ಪ್ರೋಗ್ರಾಂ ನಿಂತುಹೋಯಿತು. ಮತ್ತೆ ಶುರು ಮಾಡಿದರೆ, ಓವನ್ ಬೇರೆಯವರ ಕೈಯಲ್ಲಿದೆ ಎಂದಿತು. ಇತ್ತ ಹಿಟ್ಟೆಲ್ಲ ಹುಳಿಯಾಗುತ್ತಿತ್ತು.

ನನ್ನ ಮಗಳು ನೋಡಿದಳು. "ಪ್ರೋಗ್ರಾಂ ಸತ್ತೋಗಿದೆ ಅಪ್ಪಾ. ಬೇರೆ ಯಾರೂ ಓವನ್ ಮುಟ್ಟದ ಹಾಗೆ ಅದು ಹಾಕಿದ ಬೀಗ, ಕಂಪ್ಯೂಟರಲ್ಲಿ ಹಿಡಿದ ಮೆಮೊರಿ ಮಾತ್ರ ಹಾಗೇ ಬಿದ್ದಿದೆ, ಚಿಕ್ಕಪ್ಪನ ಹೆಸರಲ್ಲಿ."

ಉಂಡ ತಟ್ಟೆಯನ್ನೇ ಎತ್ತದವನು, ಇದನ್ನು ಎತ್ತಿಡುತ್ತೀಯಾ? ಯಾರೂ ಬಳಸುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವಳೇ ಎರಡನ್ನೂ ಅಳಿಸಿದಳು. ಓವನ್ ಬಿಸಿಯಾಯಿತು.

"ಕಂಪ್ಯೂಟರಲ್ಲಿರೋ ಚಿಕ್ಕಪ್ಪನ ಖಾತೆನೂ ತೆಗೆದುಬಿಡ್ಲಾ?" ಎಂದಳು.

"ಅದರ ಮೇಲೆ ಕೈ ಇಟ್ರೆ ನೋಡು!" ಎಂದು ಗದರಿದೆ.

ಇಡಬೇಕೋ ತೆಗೆಯಬೇಕೋ, ಬರುವ ಹದಿನೈದನೇ ತಾರೀಖಿನೊಳಗೆ ನೀನೇ ಬಂದು ಹೇಳು.